ಓದಿದಷ್ಟು ಅಂಕ ಬರಲಿಲ್ಲವೇ? ಫಲಿತಾಂಶದ ನಂತರ ಏನು ಮಾಡಬೇಕು, ಹೇಗೆ ಮಾಡಬೇಕು

ಓದದೆ ಕಡಿಮೆ ಅಂಕ ತೆಗೆದವರಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತದೆ. ತರಗತಿ ತಪ್ಪಿಸದೆ, ನೋಟ್ಸ್ ಬರೆದು, ನಿದ್ದೆಗೆಟ್ಟು ಓದಿ, ಕೊನೆಗೆ ‘ಬಿ’ ಅಥವಾ ‘ಸಿ’ ನೋಡಿದವರಿಗೆ ಅದೂ ಇಲ್ಲ. ಅವರು ಬಹಳ ಬೇಗ ಒಂದೇ ತೀರ್ಮಾನಕ್ಕೆ ಬರುತ್ತಾರೆ: ‘ಇದು ನನ್ನ ತಲೆಗೆ ಹತ್ತುವುದಿಲ್ಲ.’ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಪ್ರತಿ ಫಲಿತಾಂಶದ ನಂತರ ಕೇಳಿಬರುವ ಮಾತಿದು. ಹೆಚ್ಚಿನ ಸಲ ಅದು ಸುಳ್ಳು.

ನೀವು ಓದಿದ್ದಕ್ಕೂ ನಿಮಗೆ ಬಂದ ಅಂಕಕ್ಕೂ ನಡುವೆ ಒಂದು ಉತ್ತರ ಪತ್ರಿಕೆ ಇದೆ. ಮೌಲ್ಯಮಾಪಕರ ಕಣ್ಣಿಗೆ ಬೀಳುವುದು ಅದೊಂದೇ. ನೀವು ಎಷ್ಟು ಹೊತ್ತಿಗೆ ಎದ್ದಿರಿ, ಎಷ್ಟು ಪುಟ ಓದಿದಿರಿ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಆ ಪತ್ರಿಕೆಯನ್ನು ತರಿಸಿ ಕಣ್ಣಾರೆ ನೋಡುವವರೆಗೆ ನಿಮ್ಮ ಬುದ್ಧಿಯ ಬಗ್ಗೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಈ ಬರಹದ ಅರ್ಧ ಭಾಗ ಆ ಪತ್ರಿಕೆಯ ಕುರಿತೇ ಇದೆ. ಲೆಕ್ಕಗಳಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಬಿ.ಇ. ಪದ್ಧತಿಯನ್ನು ಹಿಡಿದಿದ್ದೇನೆ. ಬೇರೆ ವಿಶ್ವವಿದ್ಯಾಲಯದವರು ನಿಮ್ಮ ನಿಯಮಾವಳಿಯ ಸಂಖ್ಯೆಗಳನ್ನು ಹಾಕಿಕೊಳ್ಳಿ, ದಾರಿ ಅದೇ.

ಹಂತ 1: ಮೊದಲ ಎರಡು ದಿನ ಯಾವ ತೀರ್ಮಾನವೂ ಬೇಡ

ಫಲಿತಾಂಶ ಬಂದ ಸಂಜೆ ತಲೆಯಲ್ಲಿ ಓಡುವ ಯೋಚನೆಗಳೆಲ್ಲ ದೊಡ್ಡವು. ಬ್ರಾಂಚ್ ಬದಲಿಸಬೇಕು, ಕಾಲೇಜು ಬಿಡಬೇಕು, ಊರಿಗೆ ಹೋಗಿ ಅಂಗಡಿ ನೋಡಿಕೊಳ್ಳಬೇಕು. ಅವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ, ಆದರೆ ಯಾವುದನ್ನೂ ಈಗ ಮಾಡಬೇಡಿ. ಆ ದಿನಕ್ಕೆ ಮೂರು ಕೆಲಸ ಸಾಕು: ಫಲಿತಾಂಶದ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳುವುದು, ತರಗತಿಯ ವಾಟ್ಸ್‌ಆ್ಯಪ್ ಗುಂಪನ್ನು ಮ್ಯೂಟ್ ಮಾಡುವುದು, ಊಟ ಮಾಡಿ ಮಲಗುವುದು. ಅಳು ಬಂದರೆ ಅತ್ತುಬಿಡಿ. ಆರು ತಿಂಗಳ ದುಡಿಮೆ ಕೈಕೊಟ್ಟಾಗ ಅಳು ಬರುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಬದುಕೇ ಬೇಡ ಎನಿಸುವಷ್ಟು ಮನಸ್ಸು ಕುಸಿದಿದ್ದರೆ ಎರಡು ದಿನ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಈ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ರೂಮಿನ ಜೊತೆಗಾರ ಊಟ ಬಿಟ್ಟು ಮಾತಿಲ್ಲದೆ ಕೂತಿದ್ದರೆ ನೀವೇ ಪಕ್ಕದಲ್ಲಿ ಕೂತು ಆ ಕರೆ ಮಾಡಿಸಿ, ಅವನನ್ನು ಒಂಟಿಯಾಗಿ ಬಿಡಬೇಡಿ.

ಹಂತ 2: ಮನೆಗೆ ಸುದ್ದಿ ನಿಮ್ಮ ಬಾಯಿಂದಲೇ ಹೋಗಲಿ

ಮುಚ್ಚಿಟ್ಟರೆ ಮುಂದಿನ ಮೂರು ತಿಂಗಳು ಓದುವುದರ ಜೊತೆಗೆ ಮುಚ್ಚಿಡುವುದೂ ಒಂದು ಕೆಲಸವಾಗುತ್ತದೆ. ಫೋನಿನಲ್ಲಿ ಹೇಳುವುದಾದರೆ ಚಿಕ್ಕದಾಗಿ, ನಿಜವಾದ ಸಂಗತಿಯನ್ನು, ಮುಂದೇನು ಎಂಬುದನ್ನು ಸೇರಿಸಿ ಹೇಳಿ: “ಅಪ್ಪ, ರಿಸಲ್ಟ್ ಬಂದಿದೆ. ಎಲ್ಲ ವಿಷಯದಲ್ಲೂ ಪಾಸಾಗಿದ್ದೇನೆ, ಆದರೆ ಎಣಿಸಿದಷ್ಟು ಬಂದಿಲ್ಲ. ಎರಡು ವಿಷಯದಲ್ಲಿ ತುಂಬಾ ಕಡಿಮೆ. ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿ, ಎಲ್ಲಿ ತಪ್ಪಿತು ಎಂದು ಮುಂದಿನ ವಾರ ಹೇಳುತ್ತೇನೆ.” ಫೇಲ್ ಆಗಿದ್ದರೆ ಅದನ್ನೂ ಇದೇ ಧಾಟಿಯಲ್ಲಿ ಹೇಳಿ, ಯಾವ ವಿಷಯ ಎಂದು ಹೆಸರು ಹಿಡಿದು ಹೇಳಿ.

ಇದನ್ನು ಓದುತ್ತಿರುವ ತಂದೆತಾಯಿಗೆ ಒಂದು ಮಾತು. “ಸರಿಯಾಗಿ ಓದಿದ್ದರೆ ಬರುತ್ತಿತ್ತು” ಎನ್ನಬೇಡಿ. ಓದಿದ ಮಕ್ಕಳನ್ನು ಇಷ್ಟು ನೋಯಿಸುವ ಮಾತು ಇನ್ನೊಂದಿಲ್ಲ. ಸಾಲ ಮಾಡಿ ಫೀಸು ಕಟ್ಟಿದ ನಿಮ್ಮ ಸಂಕಟ ನಿಜವೇ. ಹಣದ ಮಾತಿಗೆ ಒಂದು ವಾರ ತಡೆ ಕೊಡಿ.

ಹಂತ 3: ಅಂಕಪಟ್ಟಿಯನ್ನು ಲೆಕ್ಕದ ಕಣ್ಣಿನಿಂದ ನೋಡಿ

ಮೊದಲು ಇಂಟರ್ನಲ್ಸ್ (ಸೆಮಿಸ್ಟರ್ ನಡುವೆ ಕಾಲೇಜಿನಲ್ಲೇ ಕೊಡುವ ಅಂಕ) ಮತ್ತು ಅಂತಿಮ ಪರೀಕ್ಷೆಯ ಅಂಕಗಳನ್ನು ಬೇರೆ ಮಾಡಿ. ವಿಟಿಯುನ ಈಗಿನ ಪದ್ಧತಿಯಲ್ಲಿ ಥಿಯರಿ ವಿಷಯಕ್ಕೆ ಇಂಟರ್ನಲ್ಸ್‌ಗೆ 50, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 50. ಪಾಸಾಗಲು ಇಂಟರ್ನಲ್ಸ್‌ನಲ್ಲಿ 20, ಪರೀಕ್ಷೆಯಲ್ಲಿ 18, ಒಟ್ಟು 40 ಬೇಕು. ಪರೀಕ್ಷೆ ನಡೆಯುವುದು 100 ಅಂಕಗಳಿಗೆ, ಅದನ್ನು 50ಕ್ಕೆ ಇಳಿಸುತ್ತಾರೆ. ಇಂಟರ್ನಲ್ಸ್‌ನಲ್ಲಿ 44 ಇದ್ದು ಪರೀಕ್ಷೆಯಲ್ಲಿ 22 ಬಂದಿದ್ದರೆ ನಿಮಗೆ ವಿಷಯ ಗೊತ್ತಿದೆ, ಮೂರು ಗಂಟೆಯ ಬರವಣಿಗೆಯಲ್ಲಿ ಎಲ್ಲೋ ಸೋರಿದೆ. ಎರಡೂ ಕಡಿಮೆ ಇದ್ದರೆ ತೊಂದರೆ ಸೆಮಿಸ್ಟರ್‌ನ ಆರಂಭದಿಂದಲೇ ಇತ್ತು. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಇನ್ನು ಗ್ರೇಡಿನ ಗಡಿ. 60ರಿಂದ 69ರವರೆಗೆ ಬಿ ಪ್ಲಸ್, 7 ಗ್ರೇಡ್ ಪಾಯಿಂಟ್. 70ಕ್ಕೆ ಎ, 8 ಪಾಯಿಂಟ್. ಅಂದರೆ 69 ತೆಗೆದವರಿಗೂ 60 ತೆಗೆದವರಿಗೂ ಒಂದೇ ಪಾಯಿಂಟ್. 69 ಮತ್ತು 70ರ ನಡುವೆ ಮಾತ್ರ ಪೂರ್ತಿ ಒಂದು ಪಾಯಿಂಟಿನ ಅಂತರ. ಸೆಮಿಸ್ಟರ್‌ಗೆ 20 ಕ್ರೆಡಿಟ್ (ಲೆಕ್ಕದಲ್ಲಿ ವಿಷಯಗಳಿಗಿರುವ ತೂಕ) ಎಂದಿಟ್ಟುಕೊಂಡರೆ, 4 ಕ್ರೆಡಿಟ್‌ನ ಒಂದು ವಿಷಯದಲ್ಲಿ ಒಂದೇ ಅಂಕದಿಂದ ಗಡಿ ತಪ್ಪಿದವರ ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್) 0.2ರಷ್ಟು ಕೆಳಗಿಳಿಯುತ್ತದೆ. ಮೂರು ವಿಷಯಗಳಲ್ಲಿ ಹೀಗಾದರೆ 0.6. ‘ನನಗಿಂತ ಕಡಿಮೆ ಓದಿದವನಿಗೆ ಜಾಸ್ತಿ ಬಂತು’ ಎಂಬ ಉರಿಯ ಹಿಂದೆ ಎಷ್ಟೋ ಸಲ ಈ ಗಡಿಯ ಆಟವೇ ಇರುತ್ತದೆ. ನಿಮ್ಮ ಯಾವ ಯಾವ ವಿಷಯ ಗಡಿಯ ಕೆಳಗೆ ಎರಡು ಅಂಕದೊಳಗೆ ನಿಂತಿದೆ ಎಂದು ಗುರುತು ಹಾಕಿಕೊಳ್ಳಿ, ಮುಂದಿನ ಹಂತಕ್ಕೆ ಬೇಕು.

ಇನ್ನೊಂದು ಲೆಕ್ಕ, ಇದನ್ನು ಪೆನ್ನು ಹಿಡಿದೇ ಮಾಡಿ. ನಾಲ್ಕು ವರ್ಷಕ್ಕೆ ಒಟ್ಟು 160 ಕ್ರೆಡಿಟ್. ಮೊದಲ ವರ್ಷದ 40 ಕ್ರೆಡಿಟ್‌ಗೆ ನಿಮ್ಮದು 6.5 ಬಂದಿದೆ ಎನ್ನಿ. ಉಳಿದ 120 ಕ್ರೆಡಿಟ್‌ಗಳಲ್ಲಿ 8 ತೆಗೆದರೆ (40 × 6.5 + 120 × 8) ÷ 160 = 7.625. ಮೊದಲಿನಿಂದಲೂ 8 ತೆಗೆದವರಿಗಿಂತ ಅರ್ಧ ಪಾಯಿಂಟೂ ಕಡಿಮೆಯಾಗಲಿಲ್ಲ. ಆದರೆ ಏಳನೇ ಸೆಮಿಸ್ಟರ್‌ನಲ್ಲಿರುವವರಿಗೆ ಇದೇ ಲೆಕ್ಕ ಇಷ್ಟು ಕರುಣೆ ತೋರುವುದಿಲ್ಲ. ಅವರು ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿ) ಏರಿಸುವುದಕ್ಕಿಂತ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್‌ಗೆ ಸಮಯ ಕೊಡುವುದು ಒಳ್ಳೆಯದು ಎಂದು ನನಗನಿಸುತ್ತದೆ.

ಹಂತ 4: ಉತ್ತರ ಪತ್ರಿಕೆಯ ನಕಲು ತರಿಸಿ

ಫಲಿತಾಂಶದ ಬೆನ್ನಿಗೇ ವಿಶ್ವವಿದ್ಯಾಲಯ ನಕಲು ಪ್ರತಿ ಮತ್ತು ಮರುಮೌಲ್ಯಮಾಪನದ ಅಧಿಸೂಚನೆ ಹೊರಡಿಸುತ್ತದೆ. ಗಡುವು ಚಿಕ್ಕದು, ದುಃಖದಲ್ಲಿ ಕೂತವರ ಕೈಯಿಂದ ಮೊದಲು ಜಾರುವುದೇ ಅದು. ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ ಕೊನೆಯ ದಿನಾಂಕ, ವಿಷಯವೊಂದಕ್ಕೆ ಶುಲ್ಕ ಎಷ್ಟು, ಮರುಮೌಲ್ಯಮಾಪನದಲ್ಲಿ ಅಂಕ ಇಳಿದರೆ ಯಾವುದನ್ನು ಉಳಿಸಿಕೊಳ್ಳುತ್ತಾರೆ ಎಂಬ ಮೂರನ್ನೂ ಕೇಳಿ ಬರೆದುಕೊಳ್ಳಿ. ಕೊನೆಯದನ್ನು ಗೆಳೆಯರ ಬಾಯಿಮಾತಿನ ಮೇಲೆ ನಂಬಬೇಡಿ, ಅಧಿಸೂಚನೆಯಲ್ಲೇ ಓದಿ.

ಎಲ್ಲ ವಿಷಯಕ್ಕೂ ಹಣ ಕಟ್ಟುವ ಅಗತ್ಯವಿಲ್ಲ. ಗಡಿಯ ಕೆಳಗೆ ನಿಂತ ವಿಷಯಗಳು, ಫೇಲ್ ಆದ ವಿಷಯಗಳು, ಮತ್ತು ‘ಚೆನ್ನಾಗಿ ಬರೆದಿದ್ದೆ’ ಎಂದು ಖಚಿತವಿದ್ದೂ ತೀರಾ ಕಡಿಮೆ ಬಂದ ಒಂದು ವಿಷಯ, ಇಷ್ಟು ಸಾಕು. ಸಾಧ್ಯವಿದ್ದರೆ ಮೊದಲು ನಕಲು ತರಿಸಿ, ಅದನ್ನು ನೋಡಿದ ಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ. ನೆನಪಿಡಿ, ಒಟ್ಟು ಅಂಕದಲ್ಲಿ 2 ಏರಬೇಕಾದರೆ 100ರ ಪತ್ರಿಕೆಯಲ್ಲಿ 4 ಏರಬೇಕು.

ಪತ್ರಿಕೆ ನೋಡುವುದು ಯಾರೋ ಮಾಡುವ ಉಪಕಾರವಲ್ಲ. ಸಿಬಿಎಸ್‌ಇ ವಿರುದ್ಧ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಮೌಲ್ಯಮಾಪನವಾದ ಉತ್ತರ ಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯಡಿ ‘ಮಾಹಿತಿ’ಯೇ ಆಗುತ್ತದೆ, ಪರೀಕ್ಷೆ ಬರೆದವರು ತಮ್ಮ ಪತ್ರಿಕೆಯನ್ನು ನೋಡಬಹುದು, ನಕಲು ಪಡೆಯಬಹುದು ಎಂದು ಹೇಳಿದೆ. ವಿಶ್ವವಿದ್ಯಾಲಯದ್ದೇ ವ್ಯವಸ್ಥೆ ಇರುವಲ್ಲಿ ಅದನ್ನೇ ಬಳಸಿ, ಬೇಗ ಆಗುತ್ತದೆ.

ಹಂತ 5: ನಿಮ್ಮ ಪತ್ರಿಕೆಯನ್ನು ಮೌಲ್ಯಮಾಪಕರಂತೆ ಓದಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ನಕಲು ಕೈಗೆ ಬಂದ ಕೂಡಲೇ ಒಟ್ಟು ಅಂಕ ಕೂಡಿ ನೋಡಿ, ಯಾವುದಾದರೂ ಉತ್ತರಕ್ಕೆ ಅಂಕವೇ ಬಿದ್ದಿಲ್ಲವೇ ಎಂದು ಹುಡುಕಿ. ಆಮೇಲೆ ಕೆಂಪು ಪೆನ್ನು, ಪ್ರಶ್ನೆ ಪತ್ರಿಕೆ, ಪಠ್ಯಪುಸ್ತಕ ಇಟ್ಟುಕೊಂಡು ಕೂರಿ. ಆ ವಿಷಯದ ಪಾಠ ಮಾಡುವ ಉಪನ್ಯಾಸಕರ ಬಳಿ ಸ್ಕೀಮ್, ಅಂದರೆ ಯಾವ ಹೆಜ್ಜೆಗೆ ಎಷ್ಟು ಅಂಕ ಎಂಬ ಪಟ್ಟಿ, ಸಿಗಬಹುದು. ಇಲ್ಲದಿದ್ದರೂ ಅವರನ್ನು ಕೇಳಿದರೆ ಅಂದಾಜು ಹೇಳುತ್ತಾರೆ.

ಸಿವಿಲ್ ಮತ್ತು ಮೆಕ್ಯಾನಿಕಲ್‌ನವರಿಗೆ ಚಿರಪರಿಚಿತವಾದ ಒಂದು ಪ್ರಶ್ನೆಯನ್ನೇ ಹಿಡಿದು ನೋಡೋಣ. 8 ಮೀಟರ್ ಉದ್ದದ ಬೀಮ್, ಅಂದರೆ ತೊಲೆ. ಎ ಬಳಿ ಒಂದು ಆಧಾರ, ಅಲ್ಲಿಂದ 6 ಮೀಟರ್ ದೂರದ ಬಿ ಬಳಿ ಇನ್ನೊಂದು, ಉಳಿದ 2 ಮೀಟರ್ ಹೊರಚಾಚಿದೆ. ಎ-ಬಿ ನಡುವೆ ಮೀಟರಿಗೆ 10 ಕಿಲೋನ್ಯೂಟನ್ ಹರಡಿದ ಭಾರ, ತುದಿಯಲ್ಲಿ 15 ಕಿಲೋನ್ಯೂಟನ್. ಶಿಯರ್ ಫೋರ್ಸ್ (ಬೀಮನ್ನು ಅಡ್ಡಲಾಗಿ ಕತ್ತರಿಸಲು ನೋಡುವ ಬಲ) ಮತ್ತು ಬೆಂಡಿಂಗ್ ಮೊಮೆಂಟ್ (ಅದನ್ನು ಬಗ್ಗಿಸುವ ಪರಿಣಾಮ) ಚಿತ್ರ ಬರೆದು, ಕಾಂಟ್ರಾಫ್ಲೆಕ್ಷರ್ ಬಿಂದುವನ್ನು (ಮೊಮೆಂಟ್ ಸೊನ್ನೆಯಾಗಿ ಚಿಹ್ನೆ ಬದಲಾಗುವ ಜಾಗ) ಗುರುತಿಸಿ, 10 ಅಂಕ.

ಚೆನ್ನಾಗಿ ಓದಿದ ವಿದ್ಯಾರ್ಥಿ ಹೀಗೆ ಬರೆದಿರುತ್ತಾನೆ: ಬಿ ಬಳಿಯ ಪ್ರತಿಕ್ರಿಯೆ 50, ಎ ಬಳಿ 25, ಎರಡೂ ಸರಿ. ಶಿಯರ್ ಫೋರ್ಸ್ ಬೆಲೆಗಳು ಸರಿ. ಮೊಮೆಂಟ್ ಚಿತ್ರದ ಆಕಾರ ಸರಿ, ಆದರೆ ಅದರ ಮೇಲೆ ಬೆಲೆಗಳಿಲ್ಲ. ಶಿಯರ್ ಸೊನ್ನೆಯಾಗುವುದು ಎ ಯಿಂದ 2.5 ಮೀಟರ್‌ನಲ್ಲಿ, ಅಲ್ಲಿ ಗರಿಷ್ಠ ಮೊಮೆಂಟ್ 31.25, ಬಿ ಬಳಿ ಮೈನಸ್ 30. ಈ ಮೂರೂ ಅವನಿಗೆ ಗೊತ್ತು, ಹಾಳೆಯ ಮೇಲೆ ಇಲ್ಲ. ಏಕಮಾನ ಎಲ್ಲೂ ಇಲ್ಲ. ಕಾಂಟ್ರಾಫ್ಲೆಕ್ಷರ್ ಬಿಂದು ಕೇಳಿದ್ದನ್ನೇ ಮರೆತು ಮುಂದಿನ ಪ್ರಶ್ನೆಗೆ ಹೋಗಿದ್ದಾನೆ. 25x – 5x² = 0 ಎಂದು ಒಂದು ಸಾಲು ಬರೆದಿದ್ದರೆ ಎ ಯಿಂದ ದೂರ x = 5 ಮೀಟರ್ ಎಂದು ಸಿಗುತ್ತಿತ್ತು, ಅರ್ಧ ನಿಮಿಷದ ಕೆಲಸ. ಹತ್ತಕ್ಕೆ ಆರು ಬಂದಿರುತ್ತದೆ. ಹೊರಗೆ ಬಂದು ಗೆಳೆಯರಿಗೆ ‘ಬೀಮ್ ಪ್ರಾಬ್ಲಮ್ ಪೂರ್ತಿ ಸರಿ’ ಎಂದಿರುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅವನ ತಲೆಯಲ್ಲಿ ಅದು ಪೂರ್ತಿ ಸರಿಯೇ ಇತ್ತು.

ಪ್ರತಿ ಪ್ರಶ್ನೆಗೂ ಹೀಗೆ ಹೋದ ಅಂಕದ ಪಕ್ಕದಲ್ಲಿ ಒಂದು ಕಾರಣ ಬರೆಯಿರಿ. ಕಾರಣಗಳು ಐದು: ‘ಗೊತ್ತಿರಲಿಲ್ಲ’; ‘ಗೊತ್ತಿತ್ತು, ನೆನಪಾಗಲಿಲ್ಲ’; ‘ಗೊತ್ತಿತ್ತು, ಬರೆಯಲಿಲ್ಲ’; ‘ಸಮಯ ಸಾಲಲಿಲ್ಲ’; ‘ಪ್ರಶ್ನೆಯನ್ನೇ ತಪ್ಪಾಗಿ ಓದಿದೆ’. ಕಾರಣವಾರು ಅಂಕ ಕೂಡಿ. ‘ವಿವರಿಸಿ’ ಎಂದಾಗ ಬರಿಯ ವ್ಯಾಖ್ಯೆ ಬರೆದದ್ದು, ‘ವ್ಯತ್ಯಾಸ ತಿಳಿಸಿ’ ಎಂದಾಗ ಪಟ್ಟಿ ಮಾಡದೆ ಎರಡು ಪ್ಯಾರಾ ಬರೆದದ್ದು ಕೊನೆಯ ಗುಂಪಿಗೆ ಸೇರುತ್ತವೆ. ಒಂದೇ ಮಾಡ್ಯೂಲಿನ (ಪಠ್ಯದ ಒಂದು ಘಟಕದ) ಎರಡು ಪೂರ್ಣ ಪ್ರಶ್ನೆಗಳಲ್ಲಿ ಒಂದನ್ನೇ ಪೂರ್ತಿ ಬರೆಯುವ ಬದಲು ಇದರ ‘ಎ’, ಅದರ ‘ಬಿ’ ಎಂದು ಆರಿಸಿ ಬರೆದು ಒಂದು ಭಾಗದ ಅಂಕ ಪೂರ್ತಿ ಕಳೆದುಕೊಂಡವರೂ ಇದ್ದಾರೆ. ವಿಟಿಯುನಲ್ಲಿ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಮೌಲ್ಯಮಾಪನ ಮಾಡುವ ಪದ್ಧತಿ ಇರುವುದರಿಂದ, ತೆಳು ಪೆನ್ಸಿಲ್ ಗೆರೆಯ ಚಿತ್ರ ನಕಲಿನಲ್ಲಿ ಹೇಗೆ ಕಾಣುತ್ತಿದೆ ಎಂದೂ ನೋಡಿ.

ಮೌಲ್ಯಮಾಪನದಲ್ಲಿ ಅನ್ಯಾಯವಾಗುವುದೂ ಉಂಟು. ಸರಿಯಾದ ಬೇರೆ ವಿಧಾನಕ್ಕೆ ಅಂಕ ಕೊಡದಿರುವುದು, ಹಿಂದಿನ ಪುಟ ನೋಡದೆ ಬಿಡುವುದು ನಡೆಯುತ್ತದೆ. ಅಂಥದ್ದು ಕಂಡರೆ ಉಪನ್ಯಾಸಕರಿಗೆ ತೋರಿಸಿ, ಅವರೂ ಹೌದೆಂದರೆ ಹಿಂಜರಿಯದೆ ಮರುಮೌಲ್ಯಮಾಪನಕ್ಕೆ ಹಾಕಿ.

ಹಂತ 6: ಓದುವ ಕ್ರಮವನ್ನು ತಿದ್ದಿಕೊಳ್ಳಿ

‘ಗೊತ್ತಿತ್ತು, ನೆನಪಾಗಲಿಲ್ಲ’ ಎಂಬ ಗುಂಪು ದೊಡ್ಡದಿದ್ದರೆ ತೊಂದರೆ ಓದಿದ ಗಂಟೆಗಳಲ್ಲಿ ಇಲ್ಲ, ಓದಿದ ಬಗೆಯಲ್ಲಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ಗುಂಪು ಪಾಠವೊಂದನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಾದದ್ದನ್ನು ಖಾಲಿ ಹಾಳೆಯ ಮೇಲೆ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು, ಶೇ 83ಕ್ಕೆ ಶೇ 71. ಒಂದು ವಾರ ಕಳೆದ ಮೇಲೆ ಓದಿದವರಿಗೆ ಉಳಿದದ್ದು ಶೇ 40, ಬರೆದವರಿಗೆ ಶೇ 61. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ನಂಬಿಕೆ ಮಾತ್ರ ಮತ್ತೆ ಮತ್ತೆ ಓದಿದವರಲ್ಲೇ ಹೆಚ್ಚಿತ್ತು. ಶ್ರಮಪಟ್ಟು ಓದುವ ನಮ್ಮ ಮಕ್ಕಳು ಮೋಸಹೋಗುವುದು ಸರಿಯಾಗಿ ಇಲ್ಲೇ. ನೋಟ್ಸನ್ನು ಮೂರನೇ ಸಲ ಓದುವಾಗ ಎಲ್ಲವೂ ಪರಿಚಿತ ಎನಿಸುತ್ತದೆ, ಆ ಪರಿಚಯವನ್ನೇ ಕಲಿಕೆ ಎಂದುಕೊಳ್ಳುತ್ತಾರೆ.

ಆದ್ದರಿಂದ ಓದುವ ಸಮಯದ ಅರ್ಧವನ್ನು ಬರೆಯುವುದಕ್ಕೆ ಕೊಡಿ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ಹಾಳೆಯ ಮೇಲೆ ಬರೆದು, ತೆರೆದು ಹೋಲಿಸಿ. ಎರಡು ದಿನ ಬಿಟ್ಟು ಮತ್ತೆ, ಒಂದು ವಾರ ಬಿಟ್ಟು ಮತ್ತೆ. ಬಣ್ಣದ ಪೆನ್ನಿನಿಂದ ಗೆರೆ ಎಳೆಯುವುದನ್ನು ಬಿಟ್ಟರೂ ನಷ್ಟವಿಲ್ಲ.

ಸಮಯ ಸಾಲದವರಿಗೆ ಇನ್ನೊಂದು ಅಭ್ಯಾಸ. ಮೂರು ಗಂಟೆಯಲ್ಲಿ ಐದು ಪೂರ್ಣ ಪ್ರಶ್ನೆ ಎಂದರೆ ಒಂದಕ್ಕೆ 36 ನಿಮಿಷ. ವಾರಕ್ಕೊಮ್ಮೆ ಹಳೆಯ ಪತ್ರಿಕೆಯ ಒಂದು ಪೂರ್ಣ ಪ್ರಶ್ನೆಯನ್ನು ಮೊಬೈಲಿನಲ್ಲಿ 36 ನಿಮಿಷ ಇಟ್ಟುಕೊಂಡು ಬರೆಯಿರಿ, ನಿಂತಲ್ಲಿಗೆ ನಿಲ್ಲಿಸಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಈ 36 ನಿಮಿಷ ಇನ್ನೂ ಕಡಿಮೆ. ಉತ್ತರ ಕನ್ನಡದಲ್ಲಿ ಹೊಳೆಯುತ್ತದೆ, ಇಂಗ್ಲಿಷ್ ವಾಕ್ಯ ಕಟ್ಟುವುದರಲ್ಲಿ ಸಮಯ ಹೋಗುತ್ತದೆ, ಕೊನೆಯ ಮಾಡ್ಯೂಲ್ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ನಾನು ಹೇಳಿಕೊಡುವುದು ಹೀಗೆ: ವಿಷಯವನ್ನು ಕನ್ನಡದಲ್ಲೇ ಅರ್ಥಮಾಡಿಕೊಳ್ಳಿ, ಗೆಳೆಯರಿಗೆ ಕನ್ನಡದಲ್ಲೇ ವಿವರಿಸಿ, ಅದರಲ್ಲಿ ಕೀಳರಿಮೆ ಬೇಡ. ಬರೆಯುವುದಕ್ಕೆ ಮಾತ್ರ ಪ್ರತಿ ಮಾಡ್ಯೂಲಿಗೂ ಪಠ್ಯಪುಸ್ತಕದಿಂದ ಹತ್ತು ಹದಿನೈದು ಇಂಗ್ಲಿಷ್ ವಾಕ್ಯಗಳನ್ನು ಆರಿಸಿ ಕೈಗೆ ಕೂರುವವರೆಗೆ ಬರೆಯಿರಿ. ಉತ್ತರವನ್ನು ಚಿಕ್ಕ ವಾಕ್ಯ, ಚಿತ್ರ, ಪಟ್ಟಿಗಳಲ್ಲಿ ಕಟ್ಟಿ. ಸ್ಕೀಮ್‌ನಲ್ಲಿ ಅಂಕ ಇರುವುದು ಅಂಶಗಳಿಗೆ, ಭಾಷೆಯ ಸೊಗಸಿಗೆ ಅಲ್ಲ.

ಹಂತ 7: ಉಪನ್ಯಾಸಕರ ಬಳಿ ಹೋಗುವ ಬಗೆ

“ಸರ್, ನನಗೆ ಕಡಿಮೆ ಬಂದಿದೆ” ಎಂದರೆ ಅವರು “ಇನ್ನೂ ಚೆನ್ನಾಗಿ ಓದು” ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಪತ್ರಿಕೆಯ ನಕಲು ಹಿಡಿದು, “ಮೇಡಂ, ಈ ಉತ್ತರಕ್ಕೆ ಹತ್ತಕ್ಕೆ ಆರು ಬಂದಿದೆ, ನಾಲ್ಕು ಎಲ್ಲಿ ಹೋಯಿತು ಎಂದು ಎರಡು ನಿಮಿಷ ತೋರಿಸಿಕೊಡುತ್ತೀರಾ?” ಎಂದು ಕೇಳಿ. ಸ್ಟಾಫ್ ರೂಮಿನಲ್ಲಿ ಇಂಥ ಪ್ರಶ್ನೆ ಕೇಳುವವರು ಬಹಳ ಕಡಿಮೆ, ಕೇಳಿದವರನ್ನು ನಾವು ಮರೆಯುವುದಿಲ್ಲ.

ಹಂತ 8: ಓದಿನ ಹೊರಗಿನ ಕಾರಣಗಳು

ಕೆಲವರ ಪತ್ರಿಕೆಯಲ್ಲಿ ಉತ್ತರ ಸಿಗುವುದಿಲ್ಲ, ಬದುಕಿನಲ್ಲಿ ಸಿಗುತ್ತದೆ. ಬಸ್ಸಿನಲ್ಲೇ ದಿನಕ್ಕೆ ಮೂರು ಗಂಟೆ ಕಳೆಯುವವರು, ಸಂಜೆ ಡೆಲಿವರಿ ಕೆಲಸ ಮಾಡಿ ಫೀಸು ಹೊಂದಿಸುವವರು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು ತಮ್ಮನ್ನು ಹಾಸ್ಟೆಲಿನಲ್ಲಿ ಕೂತು ಓದುವವರ ಜೊತೆ ಅಳೆದುಕೊಳ್ಳುವುದು ನ್ಯಾಯವಲ್ಲ. ಅಂಥವರು ಮೆಂಟರ್‌ಗೆ ಪರಿಸ್ಥಿತಿಯನ್ನು ಬಾಯಿಬಿಟ್ಟು ಹೇಳಬೇಕು. ಹಾಜರಾತಿ, ಇಂಟರ್ನಲ್ಸ್‌ನ ದಿನಾಂಕ, ವಿದ್ಯಾರ್ಥಿವೇತನ ಇವುಗಳಲ್ಲಿ ಕಾಲೇಜು ಮಾಡಬಹುದಾದದ್ದು ಇರುತ್ತದೆ, ಗೊತ್ತಿಲ್ಲದೆ ಯಾರೂ ಮಾಡುವುದಿಲ್ಲ.

ಚಿಕ್ಕಂದಿನಿಂದಲೂ ಓದುವಾಗ ಸಾಲು ತಪ್ಪುವುದು, ಅಕ್ಷರ ಅಂಕಿ ಅದಲು ಬದಲಾಗುವುದು ಇದ್ದರೆ ತಜ್ಞರಿಂದ ಪರೀಕ್ಷೆ ಮಾಡಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ, ಪ್ರಮಾಣಪತ್ರ ಇರುವ ಅರ್ಹರಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಪಡೆಯಲು ಅವಕಾಶವಿದೆ.

ಹಂತ 9: ಈ ಅಂಕ ಯಾವ ಬಾಗಿಲು ಮುಚ್ಚುತ್ತದೆ, ಯಾವುದನ್ನು ಮುಚ್ಚುವುದಿಲ್ಲ

ಕ್ಯಾಂಪಸ್ ನೇಮಕಾತಿಯಲ್ಲಿ ಬಹಳಷ್ಟು ಕಂಪನಿಗಳು ಶೇ 60ರಂಥ ಮಿತಿ ಇಟ್ಟು, ಬಾಕಿ ವಿಷಯ ಇರಬಾರದು ಎನ್ನುತ್ತವೆ. ಹಾಗಾಗಿ ಬ್ಯಾಕ್‌ಲಾಗ್ ಇದ್ದರೆ ಮೊದಲ ಕೆಲಸ ಅದನ್ನು ತೀರಿಸುವುದು, ಗ್ರೇಡ್ ಏರಿಸುವುದು ಆಮೇಲೆ. ಎಂ.ಟೆಕ್. ಪ್ರವೇಶಕ್ಕೆ ನಡೆಯುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆ ಬರೆಯಲು ಕನಿಷ್ಠ ಅಂಕದ ನಿಯಮವಿಲ್ಲ, ಮೂರನೇ ವರ್ಷದಿಂದಲೇ ಬರೆಯಬಹುದು. ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಮೂಲಕ ಎಂ.ಟೆಕ್. ಅಥವಾ ಎಂಬಿಎ ಸೇರಲು ಸಾಮಾನ್ಯವಾಗಿ ಶೇ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 45 ಇದ್ದರೆ ಸಾಕು. ಯುಪಿಎಸ್‌ಸಿ ನಾಗರಿಕ ಸೇವೆಗೂ ಕೆಎಎಸ್‌ಗೂ ಬೇಕಾದದ್ದು ಪದವಿ, ಅದರ ಶೇಕಡಾವಾರು ಅಲ್ಲ.

ಸಂದರ್ಶನದಲ್ಲಿ “ಮೂರನೇ ಸೆಮಿಸ್ಟರ್‌ನಲ್ಲಿ ಇಷ್ಟು ಕಡಿಮೆ ಏಕೆ?” ಎಂದು ಕೇಳಿಯೇ ಕೇಳುತ್ತಾರೆ. ವಿಶ್ವವಿದ್ಯಾಲಯವನ್ನು ದೂರಬೇಡಿ, ತಲೆ ತಗ್ಗಿಸಲೂ ಬೇಡಿ. ಉತ್ತರ ಪತ್ರಿಕೆ ತರಿಸಿ ನೋಡಿದೆ, ಹೋದ ಅಂಕಗಳಲ್ಲಿ ಹೆಚ್ಚಿನವು ಈ ಕಾರಣಕ್ಕೆ ಹೋಗಿದ್ದವು, ಮುಂದಿನ ಸೆಮಿಸ್ಟರ್‌ನಲ್ಲಿ ಇದನ್ನು ಬದಲಿಸಿದೆ, ಆ ವಿಷಯಗಳಲ್ಲಿ ಈಗ ಇಷ್ಟು ಬಂದಿದೆ ಎಂದು ಸಂಖ್ಯೆ ಸಹಿತ ಹೇಳಿ. ಅದಕ್ಕಾಗಿ ಐದನೇ ಹಂತದಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದ ನಕಲನ್ನು ಎಸೆಯದೆ ಫೈಲಿನಲ್ಲಿಟ್ಟುಕೊಳ್ಳಿ, ಸಂದರ್ಶನದ ಹಿಂದಿನ ರಾತ್ರಿ ಒಮ್ಮೆ ತಿರುವಿ ನೋಡಿ.